ಕ್ಯಾಮೆರಾ ಆರಿಸಿದ ವರ್ಷ

ನಮ್ಮ ಮನೆಯಲ್ಲಿ ಒಂದು ಚಾರ್ಜರ್ ಇದೆ. ಅದು ಮನೆಯಲ್ಲಿರುವ ಯಾವ ಯಂತ್ರಕ್ಕೂ ಹೊಂದುವುದಿಲ್ಲ. ದೀಪಾವಳಿಗೆ ಮುಂಚೆ ಅಟ್ಟ ಝಾಡಿಸುವಾಗಲೆಲ್ಲ ನನ್ನ ಹೆಂಡತಿ ವಿದ್ಯಾ ಅದನ್ನು ಸತ್ತ ಇಲಿಯಂತೆ ಬಾಲ ಹಿಡಿದು ಎತ್ತಿ, "ಅಲ್ರೀ, ಈ ಸರ್ತಿಯರ ಇದನ್ನ ರದ್ದಿಯವಗ ಹಾಕೂಣೇನ್ರಿ?" ಎಂದು ಕೇಳುತ್ತಾಳೆ. "ಇರ್ಲಿ ಬಿಡು, ಅದೇನು ಅನ್ನ ಕೇಳ್ತದೇನು?" ಎನ್ನುತ್ತೇನೆ. ಅವಳು ಅದನ್ನು ಒರೆಸಿ ಮತ್ತೆ ಇದ್ದಲ್ಲಿಯೇ ಇಡುತ್ತಾಳೆ. ಅದು ಯಾವುದರ ಚಾರ್ಜರ್ ಎಂದು ಅವಳಿಗೂ ಗೊತ್ತು.

ಅದು ನಾನು ಕೊಂಡ ಮೊದಲ ಡಿಜಿಟಲ್ ವಿಡಿಯೋ ಕ್ಯಾಮೆರಾದ್ದು. ಕೊನೆಯದೂ ಅದೇ. ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದಾದ ಟೇಪು ಹಾಕಿ, ಪಕ್ಕದ ಪುಟ್ಟ ಪರದೆ ಬಿಡಿಸಿ, ಅಂಗೈಗೆ ಪಟ್ಟಿ ಬಿಗಿದುಕೊಂಡು ಓಡಾಡುವಂಥದು. ಎಲ್ಲರ ಕಿಸೆಯಲ್ಲೂ ಕ್ಯಾಮೆರಾ ಇರುವ ಈಗಿನ ಮಕ್ಕಳಿಗೆ, ಇದನ್ನು ಆರಿಸಲು ನಾನು ಇಡೀ ಒಂದು ವರ್ಷ ತೆಗೆದುಕೊಂಡೆ ಎಂದರೆ ನಗುತ್ತಾರೆ. ನಗಲಿ. ಆ ವರ್ಷದ ಲೆಕ್ಕದಲ್ಲಿ ನಗುವುದು ಬಹಳ ಇದೆ, ಮುಕ್ಕಾಲು ಪಾಲು ನನ್ನನ್ನು ನೋಡಿಯೇ ನಗುವಂಥದು. ಉಳಿದ ಕಾಲು ಪಾಲಿಗೆ ಮಾತ್ರ ನಗು ಬರುವುದಿಲ್ಲ.

ಕ್ಯಾಮೆರಾ ಬೇಕಾಗಿದ್ದು ಗೋದತ್ತೆಗಾಗಿ. ಗೋದತ್ತೆ ನನ್ನ ತಂದೆಯ ಅಕ್ಕ. ಮದುವೆಯಾಗಿ ಬೆಳಗಾವಿಯಿಂದ ಪುಣೆಗೆ ಬಂದವರು. ಅವರ ಯಜಮಾನರು, ನಮಗೆಲ್ಲ ವಾಮನಮಾಮಾ, ಇಲ್ಲಿಯೇ ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದು, ನಿವೃತ್ತಿಯ ನಂತರ ಕೊಂಢವಾದಲ್ಲಿ ಎರಡು ಕೋಣೆಯ ಫ್ಲ್ಯಾಟು ಮಾಡಿಕೊಂಡಿದ್ದರು. ಅವರಿಗೆ ಮಕ್ಕಳಿರಲಿಲ್ಲ. ನಾನು, ನನ್ನ ಅಕ್ಕ ಇಬ್ಬರೂ ಅವರ ಮಕ್ಕಳಾಗಿಯೇ ಬೆಳೆದೆವು. ಬೈಸಿಕೊಳ್ಳುವುದರಲ್ಲಂತೂ ಯಾವ ಕೊರತೆಯೂ ಆಗಲಿಲ್ಲ.

ಈ ಗೋದತ್ತೆಯ ಕೀರ್ತಿಯೆಲ್ಲ ಒಡಪಿನದು. ಒಡಪು ಕೇಳಿರದ ಕಡೆಯ ಓದುಗರಿಗೆ ತಿಳಿಯಲಿ ಎಂದು ಹೇಳುತ್ತೇನೆ. ನಮ್ಮಲ್ಲಿ ಹೆಂಡತಿಯಾದವಳು ಗಂಡನ ಹೆಸರನ್ನು ಹಾಗೇ ಬಾಯಿಬಿಟ್ಟು ಹೇಳುವಂತಿರಲಿಲ್ಲ. ಆದರೆ ಮದುವೆ, ಸೀಮಂತ, ಅರಿಷಿಣ-ಕುಂಕುಮದಂಥ ಹೊತ್ತಿನಲ್ಲಿ ಹೆಂಗಸರು ಅಡ್ಡಗಟ್ಟಿ "ಹೆಸರ ಹೇಳು, ಹೆಸರ ಹೇಳು" ಎಂದು ಕಾಡುತ್ತಾರೆ. ಆಗ ಪ್ರಾಸ ಕೂಡಿಸಿದ ಎರಡು ನಾಲ್ಕು ಸಾಲಿನೊಳಗೆ ಗಂಡನ ಹೆಸರನ್ನು ಹೆಣೆದು ಹೇಳಬೇಕು. ಅದೇ ಒಡಪು. ಮರಾಠಿಯವರಲ್ಲೂ ಇದು ಉಂಟು, ಅವರು ಉಖಾಣಾ ಎನ್ನುತ್ತಾರೆ. ಉಳಿದವರು ಬಾಯಿಪಾಠ ಮಾಡಿದ ಒಡಪನ್ನೇ ಜನ್ಮವಿಡೀ ಹೇಳಿದರೆ, ಗೋದತ್ತೆ ನಿಂತ ನಿಲುವಿನಲ್ಲಿ ಹೊಸದು ಕಟ್ಟುತ್ತಿದ್ದರು. ಒಮ್ಮೆ ಹೇಳಿದ್ದನ್ನು ಇನ್ನೊಮ್ಮೆ ಹೇಳಿದವರಲ್ಲ.

ಹೆಸರು ಹೇಳಬಾರದೆಂಬ ನೇಮವನ್ನಂತೂ ಅತಿರೇಕಕ್ಕೆ ಒಯ್ದಿದ್ದರು. ಚಿಕ್ಕಂದಿನಲ್ಲಿ ನಮಗೆ ದೇವರ ಹೆಸರುಗಳನ್ನು ಕಲಿಸುವಾಗ, "ತ್ರಿವಿಕ್ರಮ" ಎಂದು, ಒಂದು ಉಸಿರು ನಿಲ್ಲಿಸಿ, ನೇರ "ಶ್ರೀಧರ"ಕ್ಕೆ ಹೋಗುತ್ತಿದ್ದರು. ನಡುವಿನ ವಾಮನನನ್ನು ನುಂಗಿಬಿಡುತ್ತಿದ್ದರು. ಶಾಲೆಗೆ ಹೋಗುವ ತನಕ ನಾವು ಆ ಉಸಿರೂ ಒಬ್ಬ ದೇವರೇ ಇರಬೇಕೆಂದು ತಿಳಿದಿದ್ದೆವು.

ಒಮ್ಮೆ ರೇಶನ್ ಅಂಗಡಿಯಲ್ಲಿ ಸೀಮೆಎಣ್ಣೆಯ ಸಾಲು. ಒಳಗೆ ಕುಳಿತ ಮರಾಠಿ ಹೆಣ್ಣುಮಗಳು ಗಂಡನ ಹೆಸರು ಕೇಳಿದಳು. ನಾನು ಜೊತೆಗಿದ್ದೆ, ಹೇಳಬಹುದಾಗಿತ್ತು. ಆದರೆ ಬಿಸಿಲಿನಲ್ಲಿ ನಿಂತು ನಿಂತು ಅತ್ತೆಗೆ ಸಿಟ್ಟು ಬಂದಿತ್ತು. ಸೊಂಟದ ಮೇಲೆ ಕೈಯಿಟ್ಟು ಮರಾಠಿಯಲ್ಲೇ ಶುರುಮಾಡಿದರು: "ರಾಕೇಲಚ್ಯಾ ರಾಂಗೇತ ಉಭೀ ಸಕಾಳಪಾಸೂನ, ವಾಮನರಾವಾಂಚಂ ನಾವ ಘ್ಯಾ ಲಿಹೂನ!" ಸೀಮೆಎಣ್ಣೆಯ ಸಾಲಿನಲ್ಲಿ ಬೆಳಗಿನಿಂದ ನಿಂತಿದ್ದೇನೆ, ವಾಮನರಾಯರ ಹೆಸರು ಬರೆದುಕೊಳ್ಳಿ ಎಂದು. ಆಕೆ ಪೆನ್ನು ಕೆಳಗಿಟ್ಟು ನಕ್ಕಳು. ಸಾಲಿನವರೆಲ್ಲ ಚಪ್ಪಾಳೆ ತಟ್ಟಿದರು. ಸೀಮೆಎಣ್ಣೆ ಮಾತ್ರ ನಮ್ಮ ಸರದಿ ಬರುವಷ್ಟರಲ್ಲಿ ಮುಗಿಯಿತು.

ಇಷ್ಟೆಲ್ಲ ಹೇಳುತ್ತೇನೆ, ಆದರೆ ಆ ನೂರಾರು ಒಡಪುಗಳಲ್ಲಿ ಕನ್ನಡದ್ದು ನನಗೆ ಪೂರ್ತಿ ನೆನಪಿರುವುದು ಒಂದೇ:

"ಚಾಕಣಕ್ಕ ಹೋಗೋ ಬಸ್ಸಿಗೆ ಗರ್ದಿ ಭಾಳ,
ಲಕ್ಷ್ಮೀ ರಸ್ತೇದಾಗ ಬಳಿ ಅಂಗಡಿ ಸಾಲ,
ಪೇಪರ ಹಿಡದ್ರ ಚಹಾ ಆರಿದ್ದೂ ಗೊತ್ತಿಲ್ಲ,
ವಾಮನರಾಯರಿಗೆ ನನ್ನ ಬಿಟ್ರ ಗತಿಯಿಲ್ಲ."

ಆ ಪೇಪರಿನ ಮಾತು ನಿಜ. ಅತ್ತೆ ಒಡಪು ಹೇಳಲು ಎದ್ದು ನಿಂತರೆ, ಗಂಡಸರ ಕಡೆ ಕೂತಿದ್ದ ಮಾಮಾ ಪೇಪರು ಬಿಡಿಸಿ ಮುಖಕ್ಕೆ ಅಡ್ಡ ಹಿಡಿಯುತ್ತಿದ್ದರು. ಏನೂ ಕೇಳಿಸದವರಂತೆ ಓದುತ್ತಿದ್ದರು. ಪೇಪರಿನ ಎರಡೂ ಬದಿಗೆ ಕಾಣುವ ಕಿವಿಗಳು ಮಾತ್ರ ಕೆಂಪಾಗುತ್ತಿದ್ದವು. ಅತ್ತೆ ಒಡಪು ಮುಗಿಸಿ ಆ ಕಡೆ ಒಮ್ಮೆ ನೋಡಿ, "ಗ್ವಾಡಿಗೆ ಹೇಳಿದಂಗ" ಎಂದು ಕೂತುಕೊಳ್ಳುತ್ತಿದ್ದರು.

ನನ್ನ ಮದುವೆಯಾಗಿದ್ದು ತೊಂಬತ್ತರ ದಶಕದ ಆರಂಭದಲ್ಲಿ. ಆಗ ವಿಡಿಯೋ ಶೂಟಿಂಗ್ ಎಂದರೆ ಹೆಗಲ ಮೇಲೆ ಪೆಟ್ಟಿಗೆಯಂಥ ಕ್ಯಾಮೆರಾ ಹೊತ್ತವನೊಬ್ಬ, ಜೊತೆಗೆ ಮದುಮಗಳ ಕುಂಕುಮ ಕರಗಿಸುವಷ್ಟು ಬಿಸಿ ಕಾರುವ ದೀಪಗಳು. ಆತ ತಿಂಗಳಾದ ಮೇಲೆ ತಂದುಕೊಟ್ಟ ಕ್ಯಾಸೆಟ್ಟಿನಲ್ಲಿ ವಿದ್ಯಾ ಗುಲಾಬಿ ಹೂವಿನೊಳಗಿಂದ ಹುಟ್ಟಿಬಂದಳು. ನಾನು ತಿರುತಿರುಗಿ ಒಂದು ಹೃದಯದೊಳಗೆ ಸೇರಿಕೊಂಡೆ. ಅದನ್ನೂ ಸಹಿಸಬಹುದಿತ್ತು. ಆದರೆ ಆತ ಮದುವೆಯ ಗದ್ದಲವೇಕೆಂದು ಇದ್ದ ಸದ್ದನ್ನೆಲ್ಲ ಅಳಿಸಿ, ಉದ್ದಕ್ಕೂ ಹಿಂದಿ ಸಿನೆಮಾ ಹಾಡು ಹಾಕಿದ್ದ. ಗೋದತ್ತೆ ಎದ್ದು ನಿಂತು, ಸೆರಗು ಸರಿಮಾಡಿಕೊಂಡು, ಕಣ್ಣು ಮಿನುಗಿಸುತ್ತ ಏನೋ ಹೇಳುತ್ತಾರೆ. ಹೆಂಗಸರೆಲ್ಲ ಬಿದ್ದು ಬಿದ್ದು ನಗುತ್ತಾರೆ. ಕೇಳಿಸುವುದು ಮಾತ್ರ ಯಾವನೋ ನಾಯಕ ಯಾವಳಿಗೋ ಹಾಡುವ ಹಾಡು.

ಆ ಕ್ಯಾಸೆಟ್ಟನ್ನು ಮಾಮಾ ಎರವಲು ಒಯ್ದವರು ಬಹಳ ದಿನ ತಿರುಗಿ ಕೊಡಲಿಲ್ಲ. ವರ್ಷಗಳಾದ ಮೇಲೆ, ಅಂಗೈಯೊಳಗಿನ ಡಿಜಿಟಲ್ ಕ್ಯಾಮೆರಾಗಳು ಪುಣೆಯ ಅಂಗಡಿಗಳಿಗೆ ಬಂದಾಗ, ನಾನೊಂದು ಕೊಳ್ಳುವ ಮಾತೆತ್ತಿದೆ. ಮಾಮಾ ನನ್ನನ್ನು ಗ್ಯಾಲರಿಗೆ, ಅಂದರೆ ಬಾಲ್ಕನಿಗೆ, ಕರೆದೊಯ್ದು ಬಾಗಿಲು ಮುಂದೆ ಮಾಡಿದರು.

"ತಗೋ ಶ್ರೀಕಾಂತಾ. ತಗೊಂಡು ನಿಮ್ಮ ಅತ್ತೀದು ಒಂದರ ಒಡಪು ಹಿಡದಿಡು."

"ನಿಮಗ ಅದು ಸೇರೂದಿಲ್ಲ ಅಂತ ತಿಳದಿದ್ದೆ ಮಾಮಾ. ಪೇಪರ ಓದಕೋತ ಕೂಡ್ತೀರಿ."

"ಏ, ಮಂದಿ ಮುಂದ ಹೆಂಡ್ತಿ ಮಾರಿ ನೋಡಕೋತ ಕೂಡ್ಲಿಕ್ಕೆ ಬರ್ತದೇನೋ? ನಾಚಿಕಿ ಬರ್ತದ." ಮಾಮಾ ಒಳಗೊಮ್ಮೆ ಇಣುಕಿ ದನಿ ತಗ್ಗಿಸಿದರು. "ಲಗ್ನದಾಗ ಮಾತು ಕೇಳಸ್ತದ, ಮಾರಿ ನೋಡ್ಲಿಕ್ಕಾಗೂದಿಲ್ಲ. ನಿನ್ನ ಕ್ಯಾಸೆಟ್ಟಿನಾಗ ಮಾರಿ ಕಾಣಸ್ತದ, ಮಾತಿಲ್ಲ. ಎರಡೂ ಕೂಡಿ ಒಮ್ಮೆ ನೋಡಬೇಕಂತ ಅದ. ಆಕಿಗೆ ಮಾತ್ರ ಹೇಳಬ್ಯಾಡ ಮತ್ತ."

ಒಪ್ಪಿದೆ. ಒಬ್ಬ ಮನುಷ್ಯ ತನ್ನ ಹೆಂಡತಿ ತನ್ನ ಹೆಸರು ಹೇಳುವುದನ್ನು ಕಣ್ಣಿಟ್ಟು ನೋಡಬೇಕು. ಇಷ್ಟೇ ಕೆಲಸ. ಮರುದಿನವೇ ಹೋಗಿ ಕ್ಯಾಮೆರಾ ತಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ತರಬೇಕಾದವನು ನಾನು.

ನನ್ನ ನೌಕರಿ ಚಾಕಣದ ಒಂದು ಬಿಡಿಭಾಗಗಳ ಕಾರ್ಖಾನೆಯ ಖರೀದಿ ವಿಭಾಗದಲ್ಲಿ. ಒಂದು ಬೋಲ್ಟು ಬೇಕಾದರೂ ಮೂರು ಕಡೆಯ ಕೊಟೇಶನ್ ತರಿಸಿ, ತುಲನೆ ಮಾಡಿ, ಮೇಲಿನವರ ಸಹಿ ಪಡೆದೇ ಕೊಳ್ಳುವ ಜನ ನಾವು. ಈ ರೋಗ ಕಾರ್ಖಾನೆಯ ಗೇಟಿನಲ್ಲಿ ಬಿಟ್ಟುಬರುವಂಥದಲ್ಲ. ನಾನು ವಿದ್ಯಾಳನ್ನು ಒಪ್ಪುವ ಮುಂಚೆ ಎರಡು ಕಡೆ ಹೆಣ್ಣು ನೋಡಿದ್ದೆ. ಈಗಲೂ ಜಗಳವಾದರೆ, "ಮೂರನೇ ಕೊಟೇಶನ್ ಅಲ್ರೀ ನಾನು, ಹಿಂಗ ಇರಾಕಿ" ಎನ್ನುತ್ತಾಳೆ. ಮಾಮಾ ಇದರಲ್ಲಿ ನನಗಿಂತ ಒಂದು ಕೈ ಮೇಲು. ಹಲ್ಲುಪುಡಿಯ ಡಬ್ಬಿಯ ಮೇಲಿನ ಸಣ್ಣಕ್ಷರವನ್ನೂ ಓದಿ ಮುಗಿಸಿದ ಮೇಲೆಯೇ ಹಲ್ಲುಜ್ಜುವವರು.

ಇಂಥ ಇಬ್ಬರು ಕೂಡಿ ಬುಧವಾರ ಪೇಟೆಯ ಅಂಗಡಿಗೆ ಹೋದೆವು. ಪೆಟ್ಟಿಗೆಗಳ ಮೇಲೆ ಝೂಮ್ ಇಷ್ಟು ಪಟ್ಟು, ಅಷ್ಟು ಪಟ್ಟು ಎಂದು ದೊಡ್ಡ ದೊಡ್ಡ ಅಂಕಿಗಳು. ನಾನು ದೊಡ್ಡ ಅಂಕಿಗೆ ಮರುಳಾಗುತ್ತಿದ್ದೆ. ಮಾಮಾ ಕನ್ನಡಕ ಹಣೆಗೇರಿಸಿ ಮೂಲೆಯ ಸಣ್ಣಕ್ಷರ ಓದಿ, "ಇದು ಬರೇ ಚಿತ್ರಾ ಹಿಗ್ಗಸೂದೋ. ಖರೆ ಝೂಮ್ ಇಲ್ಲಿ ಕೆಳಗ ಬರದಾರ, ಹತ್ತಽ ಪಟ್ಟು" ಎಂದು ಹಿಡಿದುಹಾಕುತ್ತಿದ್ದರು. ಗಂಡಸರ ಕಡೆಯಿಂದ ಹೆಂಗಸರ ಕಡೆಗೆ ಎಷ್ಟು ದೂರವಾಗುತ್ತದೆ, ಅಲ್ಲಿಂದ ಮುಖ ಸ್ಪಷ್ಟ ಕಾಣಲು ಎಷ್ಟು ಝೂಮ್ ಬೇಕು ಎಂಬುದು ಅವರ ದೊಡ್ಡ ಪ್ರಶ್ನೆ. ಎದ್ದು ಹತ್ತಿರ ಹೋಗಿ ಹಿಡಿಯಬಹುದು ಎಂಬುದು ನಮ್ಮಿಬ್ಬರಿಗೂ ಹೊಳೆಯಲೇ ಇಲ್ಲ. ಕತ್ತಲಲ್ಲೂ ಕಾಣುವ ಗುಂಡಿಯೊಂದಿತ್ತು. ಅದನ್ನು ಒತ್ತಿ ಮಾಮಾನ ಕಡೆ ಹಿಡಿದೆ. ಪರದೆಯ ಮೇಲೆ ಅವರು ಹಸಿರಾಗಿ, ಕಣ್ಣು ಬೆಳ್ಳಗೆ ಮಾಡಿಕೊಂಡು ಕಂಡರು. "ತಗೀ ತಗೀ, ಹಾಗಲಕಾಯಿ ಆಗೇನಿ" ಎಂದರು.

ನಾಲ್ಕನೆಯದೋ ಐದನೆಯದೋ ಭೇಟಿಯಲ್ಲಿ ಅಂಗಡಿಯವರ ತಾಳ್ಮೆ ಮುಗಿಯಿತು. "ಕಾಕಾ, ಘ್ಯಾಯಚಾಯ ಕೀ ನುಸತಾ ಬಘಾಯಚಾಯ?" ಎಂದು ಕೇಳಿದರು. ಕೊಳ್ಳುವುದಿದೆಯೋ, ಬರೀ ನೋಡುವುದೋ? ಮಾಮಾ ಬೇಸರಪಡಲಿಲ್ಲ. "ಆಧೀ ಬಘೂ, ಮಗ ಘೇಊ" ಎಂದರು. ಮೊದಲು ನೋಡೋಣ, ಆಮೇಲೆ ಕೊಳ್ಳೋಣ. ಹೊರಗೆ ಬಂದು ಇಬ್ಬರೂ ಸಾಬುದಾಣಿ ವಡೆ ತಿಂದು, ಚಹಾ ಕುಡಿದು, ಟೇಪು ದೊಡ್ಡದಿರುವ ಜಾತಿ ಮೇಲೋ ಸಣ್ಣದಿರುವ ಜಾತಿ ಮೇಲೋ ಎಂದು ವಾದ ಮಾಡುತ್ತ ಬಸ್ ಸ್ಟಾಪಿಗೆ ನಡೆಯುತ್ತಿದ್ದೆವು. ನಿಜ ಹೇಳಬೇಕೆಂದರೆ, ಕ್ಯಾಮೆರಾ ಕೊಂಡುಬಿಟ್ಟರೆ ಈ ಶನಿವಾರದ ತಿರುಗಾಟ ನಿಂತುಹೋಗುತ್ತದಲ್ಲ ಎಂಬ ಅಳುಕು ಇಬ್ಬರಲ್ಲೂ ಇತ್ತೆಂದು ಈಗ ಅನಿಸುತ್ತದೆ.

ಆ ವರ್ಷ ನೆಂಟರಲ್ಲಿ ಮದುವೆಗಳಾದವು. ಒಂದೊಂದರಲ್ಲೂ ಅತ್ತೆ ಒಡಪು ಹೇಳಿದರು. ಒಂದೊಂದರಲ್ಲೂ ಮಾಮಾ ಪೇಪರಿನ ಸಂದಿಯಿಂದ ನನ್ನ ಖಾಲಿ ಕೈ ನೋಡಿದರು, ನಾನು ಅವರ ಕಡೆ ನೋಡಿ "ಮುಂದಿನದರಾಗ" ಎಂದು ಸನ್ನೆ ಮಾಡಿದೆ. ಅಷ್ಟರಲ್ಲಿ ಹೊಸ ಮಾಡೆಲ್ ಬರುತ್ತದೆಂದು ಸುದ್ದಿಯಾಯಿತು. "ಗಡಿಬಿಡಿ ಯಾಕೋ? ಬರೂ ವರ್ಷ ಇನ್ನೂ ಛಲೋದು ಬರ್ತದ, ಅಗ್ಗ ಬ್ಯಾರೆ ಆಗ್ತದ" ಎಂದರು ಮಾಮಾ. ನನಗೂ ಸರಿ ಎನಿಸಿತು. ಅವಸರವಿದ್ದರೆ ಅದು ಅತ್ತೆಯ ಲೆಕ್ಕದಲ್ಲಿ ಎಂದುಕೊಂಡಿದ್ದೆವು. ಅವರಿಗೆ ರಕ್ತದೊತ್ತಡ, ಮುಂದಿನ ಹಲ್ಲು ಅಲುಗಾಡುತ್ತಿದ್ದವು, ದನಿ ಸ್ವಲ್ಪ ಒಡೆದಿತ್ತು. ಹಲ್ಲು ಬೀಳುವುದರೊಳಗೆ ಹಿಡಿದರಾಯಿತು ಎಂದು ನಾವಿಬ್ಬರೂ ನಕ್ಕಿದ್ದೂ ಉಂಟು. ಮಾಮಾ ಏನು, ಬೆಳಿಗ್ಗೆ ಪರ್ವತಿಯ ಗುಡ್ಡ ಹತ್ತಿ ಇಳಿಯುವ ಆಳು.

ಗಣಪತಿ ಹಬ್ಬಕ್ಕೆ ಸ್ವಲ್ಪ ಮುಂಚೆ, ಒಂದು ಬೆಳಿಗ್ಗೆ ಸ್ನಾನ ಮಾಡಿ ಚಹಾಕ್ಕೆ ಕೂತ ಮಾಮಾ ಎದೆ ಹಿಡಿದುಕೊಂಡರು. ಅತ್ತೆ ನೀರು ತರುವಷ್ಟರಲ್ಲಿ ಮುಗಿದಿತ್ತು. ನಾನು ಚಾಕಣದಿಂದ ಕೊಂಢವಾ ತಲುಪಿದಾಗ ಮನೆ ತುಂಬ ಜನ ಇದ್ದರು.

ಗಂಡ ಹೋದವಳಿಗೆ ಒಡಪು ಹೇಳೆಂದು ಯಾರೂ ಕೇಳುವುದಿಲ್ಲ. ಹೇಳಬೇಡ ಎಂದೂ ಯಾರೂ ಬಾಯಿಬಿಟ್ಟು ಅನ್ನುವುದಿಲ್ಲ. ಕೇಳುವುದನ್ನು ಬಿಟ್ಟುಬಿಡುತ್ತಾರೆ, ಅಷ್ಟೇ. ನೂರು ಮದುವೆಗಳಲ್ಲಿ ಹೆಂಗಸರನ್ನು ನಗಿಸಿದ ಬಾಯಿ ಅಂದಿಗೆ ಮುಚ್ಚಿಹೋಯಿತು. ನಾವು ಅವರ ದನಿಗೆ ಹೆದರಿದ್ದೆವು, ಹಲ್ಲಿಗೆ ಹೆದರಿದ್ದೆವು. ಒಡಪು ನಿಂತಿದ್ದುದು ಮಾಮಾನ ಉಸಿರಿನ ಮೇಲೆ ಎಂಬುದು, ಹೆಸರು ಯಾರದೋ ಅವರು ಇರುವತನಕವಷ್ಟೇ ಅದು ನಡೆಯುತ್ತದೆ ಎಂಬುದು, ಹುಟ್ಟಿದಂದಿನಿಂದ ಈ ಪದ್ಧತಿಯೊಳಗೇ ಬೆಳೆದ ನಮ್ಮಿಬ್ಬರಿಗೂ ಒಮ್ಮೆಯೂ ನೆನಪಾಗಲಿಲ್ಲ. ಇದನ್ನು ಎಣಿಸಿದಾಗಲೆಲ್ಲ ನನಗೆ ನನ್ನ ಮೇಲೆಯೂ ಸಿಟ್ಟು ಬರುತ್ತದೆ, ಆ ಪದ್ಧತಿಯ ಮೇಲೆಯೂ ಸಿಟ್ಟು ಬರುತ್ತದೆ. ಯಾವುದರ ಮೇಲೆ ಹೆಚ್ಚು ಎಂದು ಇನ್ನೂ ತೀರ್ಮಾನವಾಗಿಲ್ಲ.

ಮುಂದಿನ ಬೇಸಿಗೆಗೆ ಅಕ್ಕನ ಮಗಳು ಅಶ್ವಿನಿಯ ಮದುವೆ ಗೊತ್ತಾಯಿತು. ನಾನು ಒಬ್ಬನೇ ಬುಧವಾರ ಪೇಟೆಗೆ ಹೋಗಿ, ಕೈಗೆ ಮೊದಲು ಸಿಕ್ಕ ಕ್ಯಾಮೆರಾ ತೋರಿಸಿ "ಇದು ಕೊಡಿ" ಎಂದೆ. ಅಂಗಡಿಯವರು ನನ್ನ ಹಿಂದೆ ನೋಡಿದರು. "ಆಜ ಕಾಕಾ ನಾಹೀತ?" ಕಾಕಾ ಇವತ್ತು ಬಂದಿಲ್ಲವೇ? "ನಾಹೀತ" ಎಂದೆ. ಅವರು ಅರ್ಥಮಾಡಿಕೊಂಡರು ಎಂದು ಕಾಣುತ್ತದೆ. ಸುಮ್ಮನೆ ಒಂದು ಟೇಪು ಹೆಚ್ಚಿಗೆ ಹಾಕಿಕೊಟ್ಟರು.

ವರ್ಷವಿಡೀ ಓದಿದ ಪಂಡಿತ ನಾನು, ಬಳಸಲು ನಿಂತಾಗ ಬುದ್ಧಿ ಕೈಕೊಟ್ಟಿತು. ಕೆಂಪು ಗುಂಡಿ ಒಮ್ಮೆ ಒತ್ತಿದರೆ ಶುರು, ಇನ್ನೊಮ್ಮೆ ಒತ್ತಿದರೆ ನಿಲ್ಲುತ್ತದೆ. ನನ್ನ ಲೆಕ್ಕ ಎಲ್ಲಿಯೋ ತಿರುಗಿಹೋಯಿತು. ಮೊದಲ ಟೇಪಿನಲ್ಲಿ ವರನನ್ನು ಎದುರುಗೊಳ್ಳುವ ಸೀಮಾಂತ ಪೂಜೆ ಇಲ್ಲ, ಬೀಗರ ಸ್ವಾಗತ ಇಲ್ಲ. ಇರುವುದು ನಾನು ಕ್ಯಾಮೆರಾ ಕೆಳಗೆ ಬಿಟ್ಟುಕೊಂಡು ಓಡಾಡಿದ ಹೊತ್ತು, ಅಂದರೆ ಮಂಗಲ ಕಾರ್ಯಾಲಯವೆಂಬ ಮದುವೆ ಛತ್ರದ ನೆಲ, ಚಪ್ಪಲಿಗಳು, ನನ್ನ ಧೋತರದ ಅಂಚು. ಇನ್ನು ಕ್ಯಾಮೆರಾ ಕಂಡವರೆಲ್ಲ ಫೋಟೋ ಎಂದು ತಿಳಿದು ಉಸಿರು ಬಿಗಿಹಿಡಿದು ನಿಲ್ಲುವವರೇ. "ಅಲುಗಾಡ್ರಿ, ಏನರ ಮಾತಾಡ್ರಿ" ಎಂದು ನಾನು ಕಿರುಚುವುದು ಮಾತ್ರ ಬಹಳ ಸ್ವಚ್ಛವಾಗಿ ಮೂಡಿದೆ.

ಅಶ್ವಿನಿ ಹೊಸಿಲಲ್ಲಿ ನಿಂತು ಒಡಪು ಹೇಳಿದಾಗ ಗುಂಡಿ ಸರಿಯಾಗಿ ಒತ್ತಿದ್ದೆ. ಮಾತೂ ಬಂತು, ಮುಖವೂ ಬಂತು. ಕಾರ್ಯಾಲಯದ ಇನ್ನೊಂದು ಮೂಲೆಯಿಂದಲೇ ಹಿಡಿದಿದ್ದೆ, ಹತ್ತು ಪಟ್ಟು ಝೂಮ್ ಸಾಕಾಯಿತು. ಗೋದತ್ತೆ ಅಲ್ಲಿರಲಿಲ್ಲ. ಹುಡುಕಿಕೊಂಡು ಹೋದರೆ ಉಗ್ರಾಣದಲ್ಲಿ ಬುಂದಿ ಉಂಡೆಗಳ ಪರಾತದ ಮುಂದೆ ಕೂತಿದ್ದರು. ನಾನು ಕ್ಯಾಮೆರಾ ಎತ್ತಿದೆ. ಅವರು ಅಂಗೈ ಅಡ್ಡ ಹಿಡಿದರು. "ನಂದೇನ ತಗೀತಿಯೋ? ಉಂಡಿ ತಗೀ, ಉಂಡಿ ಛಂದ ಆಗ್ಯಾವ." ಉಂಡೆಗಳನ್ನೇ ತೆಗೆದೆ. ಬಹಳ ಹೊತ್ತು ತೆಗೆದೆ.

ಮಳೆಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ ಮದುವೆಯ ಟೇಪು ತೋರಿಸಲು ಕೊಂಢವಾಕ್ಕೆ ಹೋದೆ. ತಂತಿಯಿಂದ ಟೀವಿಗೆ ಜೋಡಿಸಿದೆ. ಅತ್ತೆ ಅಶ್ವಿನಿಯ ಒಡಪನ್ನು ಎರಡು ಸಲ ಹಾಕಿಸಿ ನೋಡಿ, "ಪ್ರಾಸ ಕೂಡಿಲ್ಲ. ಇರ್ಲಿ, ಸಣ್ಣ ಹುಡಿಗಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು.

"ಹೋದ ವರ್ಷ ನೀವಿಬ್ರೂ ಇದರ ಸಲುವಾಗೇನು, ಶನಿವಾರಕ್ಕೊಮ್ಮೆ ಪೇಟಿಗೆ ಹೋಗ್ತಿದ್ರಿ? ಅವರಿಗ್ಯಾಕ ಬೇಕಾಗಿತ್ತೋ ಇದು? ನಾ ಕೇಳಿದ್ರ ಬರೇ ನಗ್ತಿದ್ರು."

ಹೇಳಬೇಡ ಎಂದು ಮಾಮಾ ಹೇಳಿದ್ದರು. ಇನ್ನು ಯಾರಿಗಾಗಿ ಮುಚ್ಚಿಡಲಿ? ಹೇಳಿದೆ. ಗ್ಯಾಲರಿಯಲ್ಲಿ ಬಾಗಿಲು ಮುಂದೆ ಮಾಡಿದ್ದು, ಮಾತು ಕೇಳಿಸಿದರೆ ಮುಖವಿಲ್ಲ, ಮುಖ ಕಂಡರೆ ಮಾತಿಲ್ಲ ಎಂದಿದ್ದು, ಎರಡೂ ಕೂಡಿ ಒಮ್ಮೆ ನೋಡಬೇಕು ಎಂದಿದ್ದು, ಎಲ್ಲ ಹೇಳಿದೆ.

ಅತ್ತೆ ಎದ್ದು ಟೀವಿ ಆರಿಸಿ ಬಂದು ಕೂತರು.

"ಕೇಳ್ತಿದ್ರೇನೋ ಅವರು?"

"ಎಲ್ಲಾ ಕೇಳ್ತಿದ್ರು ಅತ್ತಿ. ಒಂದೂ ಬಿಟ್ಟಿಲ್ಲ."

"ನಾ ಗ್ವಾಡಿಗೆ ಹೇಳಿದಂಗ ಅಂತಿದ್ದೆ." ಸೆರಗಿನಿಂದ ಮುಖ ಒರೆಸಿಕೊಂಡರು. ತಲೆಯ ಮೇಲೆ ಸೆರಗು ಸರಿಮಾಡಿಕೊಂಡು, ಕುರ್ಚಿಯಲ್ಲಿ ನೆಟ್ಟಗೆ ಕೂತರು. "ಚಾಲೂ ಮಾಡು ಅದನ್ನ."

ಖಾಲಿ ಟೇಪು ಹಾಕಿ ಗುಂಡಿ ಒತ್ತಿದೆ. ಕೆಂಪು ದೀಪ ಹೊತ್ತಿದ್ದನ್ನು ಎರಡು ಸಲ ನೋಡಿಕೊಂಡೆ. ಅತ್ತೆ ಕ್ಯಾಮೆರಾದ ಕಣ್ಣಿಗೆ ನೇರ ಕಣ್ಣಿಟ್ಟರು. ತುಟಿ ಅಲುಗಿದವು. ಏನೋ ಒಂದು ಸಾಲು ಕಟ್ಟಲು ನೋಡಿದರು, ಬಿಟ್ಟರು, ಮತ್ತೆ ನೋಡಿದರು. ಹೊರಗೆ ಯಾರೋ ಕಟ್ಟಡದ ಕೆಲಸದವರು ಕಬ್ಬಿಣ ಇಳಿಸುತ್ತಿದ್ದರು. ಆ ಸದ್ದು ನಿಲ್ಲುವ ತನಕ ಕಾದು, ಪ್ರಾಸವಿಲ್ಲದೆ, ಹಿಂದು ಮುಂದು ಇಲ್ಲದೆ, ಒಳಗಿನ ಕೋಣೆಯಲ್ಲಿದ್ದವರನ್ನು ಕೂಗುವಷ್ಟು ದನಿಯಲ್ಲಿ, ಜನ್ಮದಲ್ಲಿ ಮೊದಲ ಸಲ ಗಂಡನನ್ನು ಹೆಸರು ಹಿಡಿದು ಕರೆದರು.

"ವಾಮನರಾವ್."

ಕರೆದು, ಓಗೊಡುವವರಿದ್ದಾರೆ ಎಂಬಂತೆ ಕಾದರು. ಟೇಪು ಮುಗಿಯುವ ತನಕ ನಾನು ಗುಂಡಿ ಒತ್ತಲಿಲ್ಲ.